ಹೆಂಡತಿ ಕಂಪೋಸ್ಡೋ, ಪ್ಲಾಸಿಡ್ಡೋ?

ಲೋಕದಲ್ಲಿ ಗಂಡಂದಿರೆಲ್ಲ ಹೆಂಡತಿ ಕೂಗಾಡುತ್ತಾಳೆ ಎಂದು ದೂರುತ್ತಾರೆ. ನಮ್ಮ ಪದಪಂಡಿತರ ದೂರು ಮಾತ್ರ ಉಲ್ಟಾ. ಅವರ ಹೆಂಡತಿ ಕೂಗುವುದೇ ಇಲ್ಲ! ಮದುವೆಯಾದಾಗಿನಿಂದ ಆಕೆ ಒಂದು ಸಲವೂ ಪಾತ್ರೆ ಕುಕ್ಕಿಲ್ಲ, ಬಾಗಿಲು ಬಡಿದಿಲ್ಲ, ತವರಿಗೆ ಹೋಗುತ್ತೇನೆಂದು ಪೆಟ್ಟಿಗೆ ಕಟ್ಟಿಲ್ಲ. (ಕಟ್ಟುವುದಾದರೂ ಹೇಗೆ? ತವರೇ ಬಂದು ಅತ್ತೆಯ ರೂಪದಲ್ಲಿ ಇವರ ಮನೆಯ ಕಿಟಕಿ ಪಕ್ಕ ಕೂತಿತ್ತು.) ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲು ಹೋಗಿ ಹೋಗಿ ಪಂಡಿತರಿಗೆ ಸಾಕಾಗಿತ್ತು.

ಇದಕ್ಕೆಲ್ಲ ಆಕೆಯ ಉದ್ಯೋಗವೇ ಕಾರಣ. ಆಂಬುಲೆನ್ಸ್ ಕೇಂದ್ರದಲ್ಲಿ ಫೋನ್ ಎತ್ತುವುದು ಆಕೆಯ ಕೆಲಸ. ದಿನವಿಡೀ ಗುರುತು ಪರಿಚಯ ಇಲ್ಲದವರು ಕಿವಿಯೊಳಗೆ ಬೊಬ್ಬೆ ಹೊಡೆಯುತ್ತಾರೆ. ಆಕೆ ಮಾತ್ರ ಒಂದೇ ದನಿಯಲ್ಲಿ, "ನಾನಿದ್ದೀನಿ, ಗಾಬರಿ ಬೇಡ. ಮೊದಲು ವಿಳಾಸ ಹೇಳಿ" ಎನ್ನುತ್ತಾಳೆ. ಆ ದನಿಯನ್ನು ಕೆಲಸದ ಕೋಟಿನ ಹಾಗೆ ಅಲ್ಲೇ ಮೊಳೆಗೆ ತಗುಲಿಹಾಕಿ ಬರಬಾರದೇ? ಮನೆಗೂ ಹೊತ್ತು ತರುತ್ತಿದ್ದಳು. ಒಮ್ಮೆ ಪಂಡಿತರು, "ಲೇ, ಹಾಲಿನಲ್ಲಿ ಹಲ್ಲಿ ಬಿತ್ತು ಕಣೇ!" ಎಂದು ಕಿರುಚಿದಾಗ ಒಳಗಿನಿಂದ ತಣ್ಣಗೆ, "ಉಸಿರಾಡ್ತಾ ಇದೆಯಾ?" ಎಂಬ ಪ್ರಶ್ನೆ ಬಂದಿತ್ತು.

ಇಷ್ಟು ದಿನ ಹೇಗೋ ಸಹಿಸಿಕೊಂಡಿದ್ದರು. ಆದರೆ ಆ ಶನಿವಾರ ಅವರು ಕೆಲಸ ಮಾಡುವ ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಪ್ರಧಾನ ಸಂಪಾದಕರು ಅವರ ಹಾಳೆಗಳನ್ನು ಮೇಜಿನ ಮೇಲೆ ಎಸೆದರು.

"ಏನ್ರೀ ಇದು? ಕಾಮ್ ಅಂದ್ರೆ ಶಾಂತ, ಸೆರೀನ್ ಅಂದ್ರೆ ಶಾಂತ, ಕಂಪೋಸ್ಡ್ ಅಂದ್ರೂ ಶಾಂತ, ಪ್ಲಾಸಿಡ್ ಅಂದ್ರೂ ಶಾಂತ! ನಿಘಂಟು ಬರೀತಿದ್ದೀರೋ, ರಬ್ಬರ್ ಸ್ಟಾಂಪ್ ಒತ್ತುತ್ತಿದ್ದೀರೋ?"

"ಎಲ್ಲಾ ಒಂದೇ ಅಲ್ವಾ ಸಾರ್?"

"ಒಂದೇ ಅಂತೆ! ಬಿರುಗಾಳಿ ನಿಂತ ಮೇಲೆ ಸಮುದ್ರ ಕಾಮ್. ಬಿರುಗಾಳಿಯ ಸುದ್ದಿಯೇ ಮುಟ್ಟದಷ್ಟು ಎತ್ತರದಲ್ಲಿರೋ ಆಕಾಶ ಸೆರೀನ್. ಕಂಪೋಸ್ಡ್ ಅಂದ್ರೆ ಒಳಗೆ ಕೊತಕೊತ ಕುದೀತಿದೆ, ಮೇಲೆ ಮುಚ್ಚಳ ಭದ್ರವಾಗಿದೆ. ಪ್ಲಾಸಿಡ್ ಅಂದ್ರೆ ಮುಚ್ಚಳ ತೆಗೆದು ನೋಡಿದ್ರೂ ಒಳಗೆ ಏನೂ ಇಲ್ಲ. ಮೆಲುಕು ಹಾಕೋ ಹಸು. ಸೋಮವಾರ ಒಂದೊಂದಕ್ಕೂ ಉದಾಹರಣೆ ತನ್ನಿ. ಪುಸ್ತಕದಿಂದ ಕದೀಬೇಡಿ, ಮನೇಲಿ ಹುಡುಕಿ."

ಸೆರೀನ್‌ಗೆ ಹುಡುಕಬೇಕಾಗಿಯೇ ಇರಲಿಲ್ಲ. ಮಾಳಿಗೆ ಸೋರಿ ತಲೆಯ ಮೇಲೆ ತೊಟ್ಟಿಕ್ಕಿದರೂ ಕುರ್ಚಿಯನ್ನು ಗೇಣುದ್ದ ಸರಿಸಿ ಕಿಟಕಿಯಾಚೆ ನೋಡುವ ಅತ್ತೆ ಇದ್ದರು. ಪಂಡಿತರನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಎರಡು ಪದಗಳು. ಹಾಗಾದರೆ ತಮ್ಮ ಹೆಂಡತಿ ಯಾವುದು? ಕಂಪೋಸ್ಡೋ, ಪ್ಲಾಸಿಡ್ಡೋ? ಆ ಮುಚ್ಚಳದ ಕೆಳಗೆ ತಮಗಾಗಿ ಏನಾದರೂ ಕುದಿಯುತ್ತಿದೆಯೋ, ಅಥವಾ ದಿನದ ನೂರು ಕರೆಗಳ ನಡುವೆ ತಾವೂ ಒಂದು ಕರೆಯೋ? ನಿಘಂಟಿನ ಮನೆ ಹಾಳಾಗಲಿ, ಇದು ಗೊತ್ತಾಗದೆ ಇನ್ನು ನಿದ್ದೆ ಹತ್ತುವಂತಿರಲಿಲ್ಲ. ನಿಜ ಹೇಳಬೇಕೆಂದರೆ ಪಂಡಿತರಿಗೆ ಒಳಗೊಳಗೇ ಹೆದರಿಕೆಯಾಗಿತ್ತು.

ಭಾನುವಾರ ಆಕೆಗೆ ರಜೆ. ಪಂಡಿತರು ವೈಜ್ಞಾನಿಕ ಪರೀಕ್ಷೆಗೆ ಇಳಿದರು.

ಮೊದಲು ಆಕೆ ಜೋಪಾನ ಮಾಡಿಟ್ಟಿದ್ದ ಗಾಜಿನ ಹೂದಾನಿಯನ್ನು ಕೈಜಾರಿದಂತೆ ನೆಲಕ್ಕೆ ಕೆಡವಿದರು. ಆಕೆ ಪೊರಕೆ ಹಿಡಿದು ಬಂದು, "ಅಲ್ಲೇ ನಿಂತ್ಕೊಳ್ಳಿ. ಅಲ್ಲಾಡಬೇಡಿ. ಕಾಲಿಗೆ ಚೂರು ಹೊಕ್ಕಿದೆಯಾ?" ಎಂದಳು. ಅಷ್ಟೇ.

"ನಿನಗೆ ಬೇಜಾರಾಗಲಿಲ್ವೇನೇ?"

"ಆಗಿರೋದು ಆಗಿದೆ. ಎಡಗಾಲು ಎತ್ತಿ."

ಪಂಡಿತರು ಎಡಗಾಲು ಎತ್ತಿಕೊಂಡೇ ಎರಡನೆಯ ಬಾಣ ಬಿಟ್ಟರು. "ನಮ್ಮಕ್ಕ ಬರ್ತಾಳಂತೆ. ಮಕ್ಕಳು ಮರಿ ಎಲ್ಲಾ ಕಟ್ಕೊಂಡು. ಒಂದು ತಿಂಗಳು ಇರ್ತಾಳಂತೆ." (ಅಪ್ಪಟ ಸುಳ್ಳು. ಅಕ್ಕನಿಗೂ ಇವರಿಗೂ ಮಾತು ನಿಂತು ಯಾವ ಕಾಲವಾಯಿತೋ.)

"ಬರ್ಲಿ. ಬಲಗಾಲು."

ಕಿಟಕಿ ಪಕ್ಕದಿಂದ ಅತ್ತೆ, "ಅಳಿಯಂದಿರೇ, ಮಲಗಿರೋ ಹುಲೀನ ಕೋಲಲ್ಲಿ ತಿವೀಬಾರ್ದು" ಎಂದರು. ಇದು ಹುಲಿಯೇ ಆಗಿದ್ದರೆ ಸಂತೋಷವೇ, ಹಸು ಆಗಿದ್ದರೆ ಗತಿಯೇನು ಎಂಬುದೇ ತಮ್ಮ ಚಿಂತೆ ಎಂದು ಪಂಡಿತರು ಅತ್ತೆಗೆ ಹೇಗೆ ಬಿಡಿಸಿ ಹೇಳಿಯಾರು?

ಮಧ್ಯಾಹ್ನದ ಹೊತ್ತಿಗೆ ಅವರು ಬ್ರಹ್ಮಾಸ್ತ್ರಕ್ಕೇ ಕೈ ಹಾಕಿದರು. ಊಟದ ಕೋಣೆಯ ನೆಲವನ್ನು ಆಗಷ್ಟೇ ಒರೆಸಿದ್ದರಿಂದ ಎಲ್ಲೆಲ್ಲೂ ಒದ್ದೆ. ಮೇಜಿನ ಕೆಳಗೆ ಮಾತ್ರ ಒಂದಿಷ್ಟು ಒಣ ಜಾಗ ಸಿಕ್ಕಿತು. ತಲೆಯ ಕಡೆಯ ಅರ್ಧ ದೇಹವನ್ನು ಅದರೊಳಗೆ ತೂರಿಸಿ, ಒಂದು ಕುರ್ಚಿಯನ್ನು ಸದ್ದಾಗುವಂತೆ ಉರುಳಿಸಿ, "ಅಯ್ಯೋ" ಎಂದು ಕಣ್ಣು ಮುಚ್ಚಿದರು.

ಆಕೆ ಬಂದಳು. ಮೊಣಕಾಲೂರಿ ಕೂತಳು. ಹೆಸರು ಹಿಡಿದು ಎರಡು ಸಲ ಕರೆದಳು (ಅದೂ ಅದೇ ದನಿಯಲ್ಲಿ). ಮಣಿಕಟ್ಟು ಹಿಡಿದು ನೋಡಿ, ಎದ್ದು ಹೋಗಿ ಫೋನ್ ಎತ್ತಿದಳು.

"ನಾನೇ. ಹೌದು, ಮನೆಯಿಂದ. ಗಂಡಸು, ಐವತ್ತರ ಆಸುಪಾಸು. ಬಿದ್ದಿದ್ದಾರೆ, ಮಾತಿಲ್ಲ. ವಿಳಾಸ ಬರ್ಕೊಳ್ಳಿ."

ಗಂಡಸು! ಐವತ್ತರ ಆಸುಪಾಸು! ಪಂಡಿತರ ಕಣ್ಣಂಚಿನಿಂದ ಹನಿಯೊಂದು ಜಾರಿ ಕಿವಿಗೆ ಇಳಿಯಿತು. ಪ್ಲಾಸಿಡ್, ಸಂದೇಹವೇ ಇಲ್ಲ, ಶುದ್ಧ ಪ್ಲಾಸಿಡ್. ಇಷ್ಟು ವರ್ಷ ಒಂದು ಖಾಲಿ ಪಾತ್ರೆಯ ಪಕ್ಕದಲ್ಲಿ ಕೂತು ತಾವೊಬ್ಬರೇ ಕುದಿದಿದ್ದರು.

"ಮನೆ ನಂಬರ್..." ಎಂದಳು ಆಕೆ. "ಮನೆ ನಂಬರ್... ಒಂದ್ನಿಮಿಷ. ಅಮ್ಮಾ, ನಮ್ಮನೆ ನಂಬರ್ ಎಷ್ಟು?"

"ನಾನೇನು ಪೋಸ್ಟಿನವಳೇನೇ?" ಎಂದರು ಅತ್ತೆ.

"ಗುರುತು ಬರ್ಕೊಳ್ಳಿ. ಹಸಿರು ಗೇಟು. ಅಲ್ಲ, ಅದು ಹಳೇ ಮನೇದು. ನಮ್ಮ ಗೇಟು... ಅಮ್ಮಾ, ನಮ್ಮ ಗೇಟು ಯಾವ ಬಣ್ಣ?"

ದನಿ ಒಂದಿಷ್ಟೂ ಏರಿರಲಿಲ್ಲ, ಇಳಿದಿರಲಿಲ್ಲ. ಪಂಡಿತರು ಒಂದು ಕಣ್ಣು ತೆರೆದು ನೋಡಿದರು. ಫೋನ್ ಕಿವಿಗೊತ್ತಿಕೊಂಡು ಆಕೆ ಗೋಡೆಯ ಕ್ಯಾಲೆಂಡರಿನಲ್ಲಿ ಮನೆ ನಂಬರ್ ಹುಡುಕುತ್ತಿದ್ದಳು. ದಿನವಿಡೀ ಊರಿನವರ ವಿಳಾಸ ಕೇಳುವ ಹೆಂಗಸು ತನ್ನ ಮನೆಯ ವಿಳಾಸವನ್ನೇ ಮರೆತು ನಿಂತಿದ್ದಳು!

ಪಂಡಿತರಿಗೆ ಪರೀಕ್ಷೆ, ಮೂರ್ಛೆ ಎರಡೂ ಮರೆತುಹೋದವು. "ನೂರ ಹದಿನೇಳು! ಗೇಟು ಕಪ್ಪು!" ಎಂದು ಚೀರುತ್ತಾ ಚಂಗನೆ ಎದ್ದರು. ಮೇಜು ಎದ್ದಿರಲಿಲ್ಲ. ಅದರ ಅಂಚು ಹಣೆಗೆ ಬಡಿದು, ಈ ಬಾರಿ ನಿಜವಾಗಿಯೇ ಉರುಳಿದರು.

ಆಗ ಹಾರಿತು ಮುಚ್ಚಳ.

"ಬುದ್ಧಿ ಎಲ್ಲಿಟ್ಟಿದ್ದೀರ್ರೀ! ನಾಟಕಾನಾ? ನಾಟಕ ಆಡ್ತೀರಾ? ನಿಜವಾಗಿ ಸಾಯ್ತಿರೋರ ಗಾಡಿ ಕಣ್ರೀ ಅದು! ಬೇಡ, ಗಾಡಿ ಕಳಿಸ್ಬೇಡಿ! ಅಯ್ಯೋ, ರಕ್ತ! ಕಳಿಸಿ, ಬೇಗ ಕಳಿಸಿ! ನನ್ನ ಜೀವ ಬಾಯಿಗೆ ಬಂದಿತ್ತಲ್ರೀ, ಹಾಳಾದೋರೇ!"

ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಸ್ವತಃ ಅತ್ತೆಯೇ ಕುರ್ಚಿಯಿಂದ ಎದ್ದು ನಿಂತರು.

"ಜೀವ ಬಾಯಿಗೆ ಬಂತಾ?" ಎಂದು ಪಂಡಿತರು ನೆಲದ ಮೇಲಿಂದ ಕೇಳಿದರು. "ಇನ್ನೊಂದ್ಸಲ ಹೇಳೇ."

ಆಕೆ ಇನ್ನೊಂದು ಸಲವಲ್ಲ, ಆಸ್ಪತ್ರೆ ಮುಟ್ಟುವವರೆಗೂ ಹೇಳಿದಳು. ಹೂದಾನಿ, ಅಕ್ಕ, ಹಾಲಿನ ಹಲ್ಲಿ, ಮದುವೆಯ ಮರುದಿನ ಆಡಿದ ಯಾವುದೋ ಮಾತು, ಒಂದನ್ನೂ ಬಿಡಲಿಲ್ಲ. ಸೈರನ್ ದಂಡ ಎಂದು ಚಾಲಕ ಅದನ್ನು ಆರಿಸಿಬಿಟ್ಟ. ಆಕೆಯ ದನಿಗೇ ಬಸ್ಸು ಲಾರಿಗಳೆಲ್ಲ ಪಕ್ಕಕ್ಕೆ ಸರಿದವು. ಹಣೆಗೆ ಬಟ್ಟೆ ಒತ್ತಿ ಹಿಡಿದಿದ್ದ ಸಹಾಯಕ ಪಂಡಿತರ ಮುಖ ನೋಡಿ, "ನಗ್ತಾ ಇದಾರೆ ಮೇಡಮ್. ಪೆಟ್ಟು ಜೋರಾಗೇ ಬಿದ್ದಿದೆ" ಎಂದ. ಅವನಿಗೇನು ಗೊತ್ತು? ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಇಳಿದು, ಪಂಡಿತರು ಮಗುವಿನಂತೆ ಹಗುರಾಗಿ ಮಲಗಿದ್ದರು. ಕಂಪೋಸ್ಡ್! ತಮ್ಮ ಹೆಂಡತಿ ಕಂಪೋಸ್ಡ್!

ಡಾಕ್ಟರು ಹೊಲಿಗೆ ಹಾಕಿ, "ಗಾಬರಿ ಪಡೋದು ಏನೂ ಇಲ್ಲ. ಮನೆಗೆ ಕರ್ಕೊಂಡು ಹೋಗ್ಬಹುದು" ಎಂದರು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಕೆದರಿದ ಕೂದಲನ್ನು ಹಿಂದಕ್ಕೆ ನೇವರಿಸಿಕೊಂಡಳು. ಆಮೇಲೆ ಅಕ್ಕಪಕ್ಕದ ಮಂಚದವರು ತಲೆದೂಗುವಷ್ಟು ಮೆತ್ತಗೆ, "ಬನ್ನಿ. ಮನೆಗೆ ಹೋಗಿ ಮಾತಾಡೋಣ" ಎಂದಳು.

ನಿನ್ನೆಯ ಪಂಡಿತರಾಗಿದ್ದರೆ ಆಕಳಿಸುತ್ತಾ ಹಿಂದೆ ಹೊರಡುತ್ತಿದ್ದರು. ಇವತ್ತಿನವರು ಇಳಿಸಿದ ಕಾಲುಗಳನ್ನು ಮತ್ತೆ ಮಂಚದ ಮೇಲೆ ಎತ್ತಿಕೊಂಡು, ಹೊದಿಕೆಯನ್ನು ಗಲ್ಲದವರೆಗೆ ಎಳೆದರು.

"ಡಾಕ್ಟ್ರೇ, ಒಂದೆರಡು ದಿನ ಇಲ್ಲೇ ಇಟ್ಕೊಂಡು ನೋಡೋದು ಒಳ್ಳೇದಲ್ವಾ?"

"ಯಾಕ್ರೀ? ಮನೇಲಿ ಚೆನ್ನಾಗಿ ನೋಡ್ಕೊಳ್ತಾರೆ. ನಿಮ್ಮ ಹೆಂಡ್ತಿ ಎಷ್ಟು ಶಾಂತವಾಗಿದ್ದಾರೆ ನೋಡಿ."

"ಅದಕ್ಕೇ ಸಾರ್" ಎಂದರು ಪಂಡಿತರು.