ಫೋನಿನಲ್ಲಿ ಬಂದ ಹೊಗೆ

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಒಂದು ಗಳಿಗೆ ಆ ಫೋನನ್ನ ಬೋರಲು ಹಾಕಿ ನನ್ನ ಮಾತು ಕೇಳಿ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ನಮ್ಮ ಶಿಡ್ಲಘಟ್ಟದ ಮನೆಗೆ ಫೋನು ಬಂದ ಮೇಲೆ ದಿನಕ್ಕೊಂದು ಪಾಠ ತಪ್ಪಿದ್ದಿಲ್ಲ. ಈಗ ಹೇಳೋ ಮೂರು ಸಂಗತಿಯೂ ಒಂದೇ ರೇಷ್ಮೆ ಬೆಳೆಯಲ್ಲಿ ನಡೆದದ್ದು. ಆ ಸಲ ನನಗೆ ಮಂಡಿನೋವು, ಸೊಸೆ ಮೊದಲ ಬಾರಿಗೆ ಒಬ್ಬಳೇ ಹುಳ ಸಾಕಿದ್ದಳು. ಬೆಳೆ ಕೆಟ್ಟರೆ ಬೀದಿಯೆಲ್ಲ ಆಡಿಕೊಳ್ಳುತ್ತೆ ಅಂತ ಅವಳಿಗೆ ಭಯ.

ಹಾಲಿನ ಸೊಪ್ಪು

ಹಿಪ್ಪುನೇರಳೆ ಸೊಪ್ಪಿಗೆ ಹಾಲು ಚಿಮುಕಿಸಿದರೆ ಗೂಡು ದಪ್ಪ ಬರುತ್ತೆ ಅಂತ ಫೋನಿನಲ್ಲಿ ಒಬ್ಬ ಹೇಳಿದನಂತೆ. ಸೊಸೆ ಬಟ್ಟಲು ಹಿಡಿದು ಬಂದಳು. ಎಲ್ಲಿ, ಅವನನ್ನ ತೋರಿಸು ಅಂದೆ. ಮಾತು ಕೇಳಲಿಲ್ಲ, ಕೈ ನೋಡಿದೆ. ಸೊಪ್ಪು ಕಿತ್ತವರ ಬೆರಳು ಕಪ್ಪಾಗಿರುತ್ತೆ, ಅವನದು ಮದುವೆ ಗಂಡಿನ ಕೈ. "ಒಂದೇ ಒಂದು ತಟ್ಟೆಗೆ ಹಾಕಿ ನೋಡಮ್ಮ" ಅಂದೆ. ಎರಡು ದಿನ ನೋಡಿದಳು. ಹುಳ ಆ ಸೊಪ್ಪು ಮುಟ್ಟಲಿಲ್ಲ. ಮಿಕ್ಕ ಹಾಲಿಗೆ ಬಂದ ಎದುರುಮನೆ ಬೆಕ್ಕು ಮಾತ್ರ ದಪ್ಪಗಾಯಿತು.

ಚಿರತೆ

ನನ್ನ ತಮ್ಮ ಇರೋದು ಗೌರಿಬಿದನೂರು ಕಡೆ. ಮಂಚೇನಹಳ್ಳಿ ರಸ್ತೇಲಿ ಚಿರತೆ ಓಡಾಡ್ತಿದೆ, ಫೋಟೋ ಬಂದಿದೆ ಅಂತ ಎರಡು ದಿನದಿಂದ ಹೊಲಕ್ಕೆ ಹೋಗದೆ ಕದ ಹಾಕಿ ಕೂತಿದ್ದ. ಹೈಸ್ಕೂಲಿಗೆ ಹೋಗೋ ಮೊಮ್ಮಗಳ ಕೈಲಿ ಆ ಫೋಟೋ ತರಿಸಿ ನೋಡಿದೆ. ಚಿರತೆ ಹಿಂದೆ ಒಂದು ಬೋರ್ಡು. ನನಗೆ ಓದಕ್ಕೆ ಬರಲ್ಲ, ಆದರೆ ನಮ್ಮ ಅಕ್ಷರದ ಮುಖ ಗೊತ್ತು. ಕನ್ನಡವೂ ದುಂಡಗೆ, ತೆಲುಗೂ ದುಂಡಗೆ. ಇದು ಹಗ್ಗ ಕಟ್ಟಿ ಬಟ್ಟೆ ನೇತುಹಾಕಿದ ಹಾಗಿತ್ತು, ಹಿಂದಿಯಂತೆ. ಅದು ನಮ್ಮ ಸೀಮೆ ಚಿರತೆ ಅಲ್ಲ ಕಣೋ, ಎದ್ದು ಹೊಲಕ್ಕೆ ಹೋಗು ಅಂತ ಫೋನಿನಲ್ಲಿ ಅಂದೆ. ತಮ್ಮ ದನಿ ತಗ್ಗಿಸಿದ. "ಅಕ್ಕಾ, ಇನ್ನೆರಡು ದಿನ ಇರ್ಲಿ ಬಿಡು. ಹೊಲದಲ್ಲಿ ನನ್ನ ಹೆಂಡ್ತಿ ಕಳೆ ಕಿತ್ತು ಮುಗಿಸ್ಲಿ."

ಹೊಗೆ

ಹುಳ ಸೊಪ್ಪು ತಿನ್ನೋದು ಬಿಟ್ಟು ಹಣ್ಣಾಗಿತ್ತು. ಬಿದಿರು ತಟ್ಟಿಯ ಚಂದ್ರಿಕೆಗೆ ಬಿಟ್ಟಿದ್ದೆವು, ಗೂಡು ಕಟ್ಟೋ ಹೊತ್ತು. ಆಗ ಹೊಗೆ ತಗುಲಿದರೆ ಬೆಳೆ ಹೋದಂತೆ. ಅವತ್ತು ಸಂಜೆ ನೋಡ್ತೀನಿ, ಎದುರುಮನೆಯಾಕೆ ಬಾಗಿಲಲ್ಲಿ ಕೆಂಡ ಮಾಡ್ತಿದ್ದಾಳೆ, ಪಕ್ಕದಲ್ಲಿ ಬೇವಿನಸೊಪ್ಪು, ಮೆಣಸಿನಕಾಯಿ. ಹೊಸ ಕಾಯಿಲೆ ಬರ್ತಿದೆಯಂತೆ, ಆರು ಗಂಟೆಗೆ ಮನೆಮನೆಯಲ್ಲೂ ಹೊಗೆ ಹಾಕಬೇಕಂತೆ. ಬೀದಿಯೆಲ್ಲ ಸಿದ್ಧ. ಸೊಸೆ ಮುಖ ಬಿಳಿಚಿಕೊಂಡಿತು. ಹುಳದ ಮನೆ ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಹೊಗೆ.

ಯಾರು ಹೇಳಿದ್ದು ಅಂದೆ. ಆಕೆ ಫೋನಿಗೆ ಬಂದಿದ್ದ ದನಿಯನ್ನ ಕೇಳಿಸಿದಳು. ಮೂಗು ಕಟ್ಟಿದ ಒಂದು ಮುದಿದನಿ, ಬೇವು ಹಾಕಿ, ಮೆಣಸಿನಕಾಯಿ ಹಾಕಿ ಅಂತ.

"ಯಾವಳೋ ತಲೆಕೆಟ್ಟ ಮುದುಕಿ" ಅಂದೆ.

ಅದು ಚಿಂತಾಮಣಿಯಲ್ಲಿರೋ ಆಕೆಯ ತಂಗಿ ಕಳಿಸಿದ್ದಂತೆ. ಮೊಮ್ಮಗಳು ಅಲ್ಲಿಗೆ ಫೋನು ಮಾಡಿದಳು. ತಂಗಿಗೆ ಅದು ನಾಲ್ಕಾರು ಕೈ ದಾಟಿ ಬಂದಿತ್ತು, ಮೊದಲು ಕಳಿಸಿದ್ದು ಗೌರಿಬಿದನೂರಿನ ಒಬ್ಬ ಯಜಮಾನರಂತೆ. ಯಾರು ಅಂತ ವಿಚಾರಿಸಿದರೆ ನನ್ನ ತಮ್ಮ. ಫೋನಿನಲ್ಲೇ ಅವನನ್ನ ಹಿಡಿದು ಬೈದೆ. ಅವನು ಮೆಲ್ಲಗೆ ಅಂದ, "ಅಕ್ಕಾ, ಅದು ನಿನ್ನ ದನೀನೇ ಅಲ್ವಾ?"

ಹೋದ ತಿಂಗಳು ಅವನ ಕೊಟ್ಟಿಗೇಲಿ ಸೊಳ್ಳೆ ಅಂದಿದ್ದಕ್ಕೆ, ಬೇವು, ಮೆಣಸಿನಕಾಯಿ ಹೊಗೆ ಹಾಕು ಅಂತ ನೆಗಡಿಯಲ್ಲೇ ಫೋನಿಗೆ ಹೇಳಿ ಕಳಿಸಿದ್ದೆ. ದಾರಿಯಲ್ಲಿ ಯಾರೋ ಕೊಟ್ಟಿಗೆ, ಸೊಳ್ಳೆ ಅನ್ನೋ ಮಾತು ಎರಡನ್ನೂ ಕತ್ತರಿಸಿ, ಕೆಳಗೆ ಹೊಸ ಕಾಯಿಲೆ, ಆರು ಗಂಟೆ ಅಂತ ಬರೆದು ಅಂಟಿಸಿದ್ದರು.

ಎದುರುಮನೆಯಾಕೆ ನಗು ತಡೆಯಲಾರದೆ ಕೆಂಡಕ್ಕೆ ನೀರು ಹೊಯ್ದಳು. ಮೊಮ್ಮಗಳು ಮನೆಮನೆಗೆ ಓಡಿದಳು. ನಾನು ಇನ್ನೊಮ್ಮೆ ಫೋನಿಗೆ ಹೇಳಿ ಎಲ್ಲ ಕಡೆ ಕಳಿಸಿದೆ: ಆ ಮುದುಕಿ ನಾನೇ, ಅದು ಸೊಳ್ಳೆಗೆ ಹೇಳಿದ್ದು, ಹೊಗೆ ಹಾಕಬೇಡಿ. ಆರು ಹೊಡೆಯಿತು, ಬೀದಿಯಲ್ಲಿ ಒಂದೆಳೆ ಹೊಗೆಯಿಲ್ಲ. ಸೊಸೆ ಹುಳದ ಮನೆ ಕಿಟಕಿ ತೆಗೆದಿಟ್ಟಳು.

ಬೆಳಿಗ್ಗೆ ಚಿಂತಾಮಣಿಯಿಂದ ಉತ್ತರ ಬಂತು: "ಈ ಎರಡನೇ ಮುದುಕಿ ಮಾತು ನಂಬಬೇಡಿ. ಮೊದಲನೇ ಅಜ್ಜಿ ಹೇಳಿದ್ದೇ ನಿಜ."

ಈಗ ಯಾರು ಹೇಗಿದ್ದಾರೆ ಕೇಳಿ. ಸೊಸೆ ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂತು. ಈಗ ಬೀದಿಯವರೇ ಹುಳದ ವಿಷಯ ಅವಳನ್ನ ಕೇಳ್ತಾರೆ. ತಮ್ಮ ದಿನಾ ಹೊಲಕ್ಕೆ ಹೋಗ್ತಾನೆ, ಫೋನು ಹೆಂಡತಿ ಹತ್ತಿರ. ಎದುರುಮನೆಯಾಕೆ ನಾನು ಮಳೆ ಬಂತು ಅಂದರೂ ಕೈ ಚಾಚಿ ನೋಡ್ತಾಳೆ. ಮೊಮ್ಮಗಳು ಶಾಲೇಲಿ ಈ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ಮೊದಲನೇ ಅಜ್ಜಿ ಫೋನಿಂದ ಫೋನಿಗೆ ಊರೂರು ಸುತ್ತುತ್ತಾ ಈಗ ಪೆರೇಸಂದ್ರ ದಾಟಿದ್ದಾಳಂತೆ. ಎರಡನೇ ಅಜ್ಜಿ ನಾನು ಇಲ್ಲೇ ಕೂತು ಸೊಪ್ಪು ಹೆಚ್ಚುತ್ತಾ ಇದ್ದೀನಿ.