ಅಕ್ಕನ ಏಳು ಕೋಟಿ ಚಿಲ್ಲರೆ

ನಮ್ಮಕ್ಕನ ಹತ್ತಿರ ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು ಇದೆ! ಗಾಬರಿಯಾಗಬೇಡಿ, ರೂಪಾಯಿ ಅಲ್ಲ, ಬರೀ ಸಂಖ್ಯೆ. ರೂಪಾಯಿಯಾಗಿದ್ದರೆ ನಾನು ಅವಳ ಜೊತೆ ಇನ್ನಷ್ಟು ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದೆನೋ ಏನೋ.

ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಮದುವೆಯಾಗಲಿಲ್ಲ, 73939133 ಅನ್ನೇ ಕಟ್ಟಿಕೊಂಡಳು.

"ಒಂದು ಮತ್ತೆ ಅದೇ ಸಂಖ್ಯೆ ಬಿಟ್ರೆ ಇನ್ಯಾವುದ್ರಿಂದ್ಲೂ ಭಾಗ ಆಗಲ್ಲ ಕಣೋ. ಕೊನೇ ಅಂಕಿ ಮುಚ್ಚು, ಉಳಿದಿದ್ದೂ ಆಗಲ್ಲ. ಇನ್ನೊಂದು ಮುಚ್ಚು, ಆಗಲ್ಲ! ಏಳೊಂದೇ ಉಳಿದ್ರೂ ಅಷ್ಟೇ. ಈ ಥರದ್ರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ" ಎಂದು ಹೆಬ್ಬೆರಳಿನಿಂದ ಒಂದೊಂದೇ ಅಂಕಿ ಮುಚ್ಚಿ ತೋರಿಸುವಳು.

"ಅದ್ರಿಂದ ಸಾರು ಕುದಿಯುತ್ತಾ?" ಎಂದು ನಾನು. ಎಸ್ಸೆಸ್ಸೆಲ್ಸಿ ಗಣಿತವನ್ನು ಮೂವತ್ತೈದಕ್ಕೆ ದಾಟಿದವನ ಜಾಣತನ!

ಎಲ್ಲರೂ ಪಾತ್ರೆ ಮೇಲೆ ಹೆಸರು ಕೊರೆಸುತ್ತಾರಲ್ಲ, ಅಕ್ಕ ಸಂಖ್ಯೆ ಕೊರೆಸುತ್ತಿದ್ದಳು. ಶಿರಾ ಗೇಟಿನ ಪಾತ್ರೆ ಅಂಗಡಿಯವನು ಮಿಷನ್ ನಿಲ್ಲಿಸಿ, "ಫೋನ್ ನಂಬರ್ರಾ ಮೇಡಂ? ಎರಡು ಅಂಕಿ ಕಮ್ಮಿ ಐತೆ" ಅಂದ. ಲೋಟದ ಮೇಲೆ ಜಾಗ ಸಾಲದಾಗ, "ಹಿಂದಿಂದ ಬಿಟ್ಬಿಡಪ್ಪ, ಎಷ್ಟು ಉಳಿದ್ರೂ ಸರಿ" ಎಂದಳು. ಚಮಚಕ್ಕೆ ಏಳೊಂದೇ ಬಂತು.

ನನ್ನ ಗೃಹಪ್ರವೇಶಕ್ಕೂ ಅಂಥದೇ ಒಂದು ಸ್ಟೀಲ್ ಕೊಳಗ ತಂದಳು. ಕುಣಿಗಲ್ಲಿನ ಬೀಗರು ಬಗ್ಗಿ ಓದಿ, "ಇದೇನು ಬೀಗರೇ, ಗ್ಯಾಸ್ ಕನೆಕ್ಷನ್ ನಂಬರ್ರಾ?" ಎಂದು ನಕ್ಕರು. ನನಗೆ ಅವಮಾನ! ಮಾರನೇ ವಾರವೇ ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಆ ಸಂಖ್ಯೆಯನ್ನು ಉಜ್ಜಿಸಿ ಅಳಿಸಿ, ನನ್ನ ಹೆಸರು ಕೊರೆಸಿದೆ. ಅಕ್ಕ ನೋಡಿದಳು. "ಅಕ್ಷರ ಮುದ್ದಾಗಿದೆ ಕಣೋ" ಎಂದಳು, ಅಷ್ಟೇ. ಬೈದಿದ್ದರೆ ಇವತ್ತು ನನಗೆ ನಿದ್ದೆಯಾದರೂ ಬರುತ್ತಿತ್ತು.

ಈಗ ಅವಳು ನನ್ನ ಮನೆಯಲ್ಲೇ ಇದ್ದಾಳೆ. ಮರೆವಿನ ಕಾಯಿಲೆ, ವಾಸಿಯಾಗದು ಎಂದಿದ್ದಾರೆ ಡಾಕ್ಟರು. ಮೊದಲು ಸಂಖ್ಯೆಯ ಬಾಲ ಉದುರಿತು, ಆಮೇಲೆ ಸಂಖ್ಯೆಯೇ ಹೋಯಿತು. ನನ್ನನ್ನು ಕಂಡರೆ, "ಕೂತ್ಕೊಳ್ಳಿ, ನನ್ನ ತಮ್ಮ ಈಗ ಬರ್ತಾನೆ" ಅನ್ನುತ್ತಾಳೆ. ನಾನೂ ಕೂತು ಅವನಿಗಾಗಿ ಕಾಯುತ್ತೇನೆ. ಎಲ್ಲಿ ಬರುತ್ತಾನೆ, ಅಯೋಗ್ಯ!

ಮೊನ್ನೆ ತಡೆಯಲಾರದೆ ಕೊಳಗ ಹೊತ್ತು ಶಿರಾ ಗೇಟಿಗೆ ಹೋದೆ. ನನ್ನ ಹೆಸರಿನ ಕೆಳಗೆ ಎಂಟೂ ಅಂಕಿ ಕೊರೆಯಲು ಹೇಳಿದೆ. ಅಂಗಡಿಯಲ್ಲಿ ಈಗ ಹಳಬನ ಮಗ ಕೂತಿದ್ದಾನೆ.

"ಎರಡು ಅಂಕಿ ಕಮ್ಮಿ ಐತೆ ಯಜಮಾನ್ರೇ."

"ಗೊತ್ತಪ್ಪ, ಕೊರಿ."

ತಂದು ಅಕ್ಕನ ಮುಂದಿಟ್ಟೆ. ಸಂಖ್ಯೆಯನ್ನು ಅವಳು ನೋಡಲೇ ಇಲ್ಲ. ಮೇಲಿದ್ದ ನನ್ನ ಹೆಸರಿನ ಕೊನೇ ಅಕ್ಷರದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದಳು. ಬೆರಳು ಸರಿಸಿ ಇನ್ನೊಂದು ಮುಚ್ಚಿದಳು. ಮುಚ್ಚುತ್ತಾ ಮುಚ್ಚುತ್ತಾ ಮೊದಲ ಅಕ್ಷರವೊಂದೇ ಉಳಿಯಿತು.

"ಇದೂ ಭಾಗ ಆಗಲ್ಲ ಕಣೋ" ಎಂದು ನನ್ನ ಮುಖ ನೋಡಿ ನಕ್ಕಳು.

ನಾನು "ಅಕ್ಕಾ" ಅನ್ನುವಷ್ಟರಲ್ಲಿ, "ನೀವು ಕಾಫಿ ಕುಡಿದ್ರಾ?" ಎಂದು ಕೇಳಿದಳು.