ಮೂರನೇ ಕ್ಯಾಬಿನ್ನಿನ ಪರದೆ

ಚಳವಳಿ ಕಟ್ಟುವವನಿಗೆ ಗಂಟಲು ದೊಡ್ಡದಿರಬೇಕು ಅನ್ನುತ್ತಾರೆ. ನನ್ನ ಗಂಟಲಿನ ವಿಷಯ ನಮ್ಮ ಓಣಿಗೆಲ್ಲ ಗೊತ್ತು. ಮನೆಯಲ್ಲಿ ಇನ್ನೊಂದು ಲೋಟ ಚಹಾ ಬೇಕಾದರೆ ನಾನು ಕೇಳುವುದಿಲ್ಲ, ಕೆಮ್ಮುತ್ತೇನೆ. ಆ ಕೆಮ್ಮಿನ ಅರ್ಥ ತಿಳಿದವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ. ಅವಳು ತವರಿಗೆ ಹೋದ ದಿನ ನಾನೆಷ್ಟು ಕೆಮ್ಮಿದರೂ ನಮ್ಮ ಅತ್ತಿಗೆ ಶುಂಠಿ ಕಷಾಯ ತಂದಿಡುತ್ತಾರೆಯೇ ಹೊರತು ಚಹಾ ಬರುವುದಿಲ್ಲ. ಇಂಥ ನನ್ನನ್ನು ಹುಡುಕಿ ಹಿಡಿದು ಬೆಂಗಳೂರಿನ ಒಂದು ಸಂಸ್ಥೆಯವರು ಬಳ್ಳಾರಿ ಜಿಲ್ಲೆಗೆಲ್ಲ ಚಳವಳಿಯ ಸಂಯೋಜಕನನ್ನಾಗಿ ಮಾಡಿದರು. ಅದೂ ಎಂಥ ಚಳವಳಿ? ಆರೋಗ್ಯಕರ ಅಂತರ್ಜಾಲಕ್ಕಾಗಿ ಚಳವಳಿ.

ಅದಕ್ಕೆ ಮೊದಲು ನಾನು ಸತ್ಯನಾರಾಯಣಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಆಗ ಊರಿಗೆ ಗಣಿಯ ಹುಚ್ಚು ಹಿಡಿದಿತ್ತು. ಕಿರಾಣಿ ಅಂಗಡಿಯವರು ಲಾರಿ ಕೊಂಡರು, ಕಾಟನ್ ವ್ಯಾಪಾರಿಗಳು ಲಾರಿ ಕೊಂಡರು, ಸಾಲಿ ಮಾಸ್ತರರು ಪಾಲುದಾರಿಕೆಯಲ್ಲಿ ಲಾರಿ ಕೊಂಡರು. ಕೊನೆಗೆ ನಮ್ಮ ಮುದ್ರಣಾಲಯದ ಯಜಮಾನರೂ ಯಂತ್ರ ಮಾರಿ ಲಾರಿ ಕೊಂಡರು. ಲಾರಿಗೆ ಕರಡು ತಿದ್ದುವವನ ಅಗತ್ಯವಿಲ್ಲವಾದ್ದರಿಂದ ನಾನು ಮನೆಗೆ ಬಂದೆ. ಬೆಂಗಳೂರಿನ ಸಂಸ್ಥೆಗೆ ಕನ್ನಡ ಬರೆಯಬಲ್ಲ, ಲಾರಿ ಇಲ್ಲದ ಮನುಷ್ಯನೊಬ್ಬ ಬೇಕಾಗಿದ್ದ. ಇಡೀ ಬಳ್ಳಾರಿಯಲ್ಲಿ ಆಗ ಅಂಥವನು ನಾನೊಬ್ಬನೇ ಉಳಿದಿದ್ದೆ ಅಂತ ಕಾಣುತ್ತದೆ.

ಅವರು ಕಳಿಸಿದ ಇಂಗ್ಲಿಷ್ ಕಾರ್ಯತಂತ್ರವನ್ನು ಕನ್ನಡಕ್ಕೆ ತರುವುದೇ ನನ್ನ ಮೊದಲ ಕೆಲಸ. ಒಳ್ಳೆಯ ಮಾತುಗಳೇ ಇದ್ದವು. ಅಂತರ್ಜಾಲ ಕೆಲವೇ ಜನರ ಕೈಗೆ ಸಿಕ್ಕಿ ಹಾಳಾಗಬಾರದು. ಬಡವರು, ಹೆಂಗಸರು, ಇಂಗ್ಲಿಷ್ ಬಾರದವರು ಎಲ್ಲರೂ ಅಂಜದೆ ಅದನ್ನು ಬಳಸುವಂತಾಗಬೇಕು. ಅದಕ್ಕೆ ಊರೂರಲ್ಲಿ ಮುಂದಾಳುಗಳನ್ನು ಹುಡುಕಬೇಕು, ಕೂಡಿಸಬೇಕು, ಜನರ ಬಾಯಿಂದಲೇ ಒಂದು ತೊಂದರೆ ಕೇಳಿ ತಿಳಿಯಬೇಕು, ಆ ತೊಂದರೆಯ ಮೇಲೆ ಎಲ್ಲರ ಕಣ್ಣಿಗೆ ಕಾಣುವಂಥ ಒಂದು ಸಣ್ಣ ಗೆಲುವು ಸಾಧಿಸಬೇಕು. ನಾನು ಗೆಲುವಿನ ತನಕ ಅನುವಾದ ಮಾಡಿ ನಿಲ್ಲಿಸಿದ್ದೆ. ಆಮೇಲೆ ಖಾಸಗಿತನ ಎಂಬ ಅಧ್ಯಾಯವೊಂದಿತ್ತು. ಗೆದ್ದ ಮೇಲೆ ನಿಧಾನಕ್ಕೆ ಮಾಡಿದರಾಯಿತು ಅಂದುಕೊಂಡೆ.

"ಇಂಟರ್ನೆಟ್ಟಿಗೆ ಏನು ಜಡ್ಡಾಗೇತ್ರಿ?" ಅಂತ ಗಿರಿಜಾ ಕೇಳಿದಳು.

ನಾನು ಅರ್ಧ ತಾಸು ವಿವರಿಸಿದೆ. ಅವಳು ಸೊಪ್ಪು ಸೋಸುತ್ತ ಕೇಳಿದಳು. "ಕಾಣದ ಊರಾಗಿರೋರ ಮಾರಿ ತೋರಸ್ತೈತಲ್ಲ, ಅಷ್ಟು ಆರೋಗ್ಯ ಇದ್ರ ಸಾಕಲ್ರಿ" ಅಂದಳು. ಅವಳಿಗೆ ಇದೆಲ್ಲ ಹೇಗೆ ಗೊತ್ತು ಅಂತ ನನಗೆ ಅನ್ನಿಸಲೇ ಇಲ್ಲ. ಹೆಂಡತಿ ಜಾಣೆ ಎಂದು ಹೆಮ್ಮೆಪಟ್ಟು ಸುಮ್ಮನಾದೆ.

ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಮೊದಲ ಸಭೆ ಮಾಡಿದೆ. ಒಗ್ಗರಣಿ ಮಂಡಕ್ಕಿ, ಮಿರ್ಚಿ ಕೊಡುತ್ತೇವೆಂದು ಹೇಳಿದ್ದರಿಂದ ಜನ ಬಂದರು. ತೆಕ್ಕಲಕೋಟೆಯಿಂದ ಬಂದ ಹಿರಿಯರೊಬ್ಬರು ನನ್ನ ಭಾಷಣವನ್ನೆಲ್ಲ ಕಣ್ಣು ಮುಚ್ಚಿ ಕೇಳಿ, "ಮಾತು ಛಲೋ ಅದಾವ್ರೀ. ಆದ್ರ ಕರೆಂಟು ಯಾವಾಗ ಕೊಡ್ತೀರಿ?" ಅಂದರು. ಕುರುಗೋಡಿನಲ್ಲಿ ಇನ್ನೂ ಚೆನ್ನಾಯಿತು. ಅದು ನಮ್ಮ ಮೂಲದ ಊರು, ಗುರುತಿನವರೇ ಎಲ್ಲ. ಅಂತರ್ಜಾಲದಿಂದ ನಿಮಗೇನು ಬೇಕು ಎಂದು ಕೇಳಿದರೆ, ಎಲ್ಲರೂ ಒಂದೇ ದನಿಯಲ್ಲಿ, ಚೈನಾದಲ್ಲಿ ಅದಿರಿನ ರೇಟು ಇವತ್ತು ಎಷ್ಟಿದೆ ನೋಡಿ ಹೇಳು ಅಂದರು.

ನಮ್ಮ ಅಣ್ಣನಿಗೂ ಅದೇ ಬೇಕಾಗಿತ್ತು. ಅಣ್ಣ ಅಂದರೆ ಬಸವರಾಜಣ್ಣ, ನಮ್ಮ ಕೂಡುಮನೆಯ ಯಜಮಾನ. ಅವನ ಲಾರಿಗಳು ಹಗಲು ರಾತ್ರಿ ಅದಿರು ಹೊರುತ್ತಿದ್ದವು, ಅವನ ಬಿಳಿ ಧೋತರ ಮಾತ್ರ ಕೆಂಪಾಗುತ್ತಿರಲಿಲ್ಲ. "ಲೇ ಶಂಕ್ರಿ, ನಿನ್ನ ಇಂಟರ್ನೆಟ್ಟಿನಾಗ ರೇಟು ನೋಡಲೇ" ಅಂತ ದಿನಾ ಬೆಳಗ್ಗೆ ಕೂಗುತ್ತಿದ್ದ. ಹೀಗೆ ನೋಡುತ್ತ ನೋಡುತ್ತ ಅವನಿಗೆ ಅಂತರ್ಜಾಲದ ಮೇಲೆ ಪ್ರೀತಿ ಹುಟ್ಟಿ, ಚಳವಳಿಯ ಗೌರವಾಧ್ಯಕ್ಷನಾಗಲು ಒಪ್ಪಿಕೊಂಡ. ಊರ ಮುಂದಾಳು ಸಿಕ್ಕ ಎಂದು ನಾನು ಬೆಂಗಳೂರಿಗೆ ಬರೆದೆ.

ಇಲ್ಲಿ ನಮ್ಮ ಮಗಳ ಸಂಗತಿ ಹೇಳಬೇಕು. ವೀಣಾ ನಮಗೆ ಒಬ್ಬಳೇ. ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ಹಾಗಾಗಿ ಅವಳು ನಿಜಕ್ಕೂ ಯಾರ ಮಗಳು ಎಂಬುದು ನಮ್ಮ ಮನೆಯಲ್ಲಿ ಯಾವತ್ತೂ ತೀರ್ಮಾನವಾಗಿರಲಿಲ್ಲ. ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಟವೆಲ್ ಸುತ್ತಿ ಅವಳನ್ನು ಕೂಡಿಸಿಕೊಂಡು ಸಾಲೆಗೆ ಬಿಡುತ್ತಿದ್ದವನು ಅಣ್ಣನೇ. ಅಂಥ ಹುಡುಗಿ ನಮ್ಮ ಪೈಕಿ ಅಲ್ಲದ ಒಬ್ಬ ಹುಡುಗನನ್ನು ಮೆಚ್ಚಿ, ಹೇಳಿ, ಅತ್ತು, ಕಡೆಗೆ ಹೇಳದೆ ಹೋಗಿ ಮದುವೆಯಾದಳು. ಅಣ್ಣ ಅಂಗಳದಲ್ಲಿ ನಿಂತು, "ಆ ಹುಡುಗ ಈ ಜಿಲ್ಲಾದಾಗ ಕಂಡ್ರ ಕಾಲು ಮುರಸ್ತೀನಿ. ಈ ಮನ್ಯಾಗ ಇನ್ನ ಯಾರೂ ಅಕಿ ಹೆಸರು ತಗೀಬ್ಯಾಡ್ರಿ" ಅಂದ. ಯಾರೂ ತೆಗೆಯಲಿಲ್ಲ. ಅಪ್ಪನಾದ ನಾನೂ ತೆಗೆಯಲಿಲ್ಲ. ಹಬ್ಬದ ದಿನ ಹೋಳಿಗೆ ತಿನ್ನುವಾಗ ಎಲ್ಲರೂ ನಡುನಡುವೆ ನೀರು ಕುಡಿಯುತ್ತಿದ್ದೆವು. ಎರಡು ವರ್ಷ ಹಾಗೇ ಕಳೆಯಿತು. ಅವಳು ಎಲ್ಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಇನ್ನು ಗೆಲುವಿನ ವಿಚಾರ. ಬಳ್ಳಾರಿಯ ಸಭೆಯಲ್ಲಿ, ಅಂತರ್ಜಾಲದಿಂದ ನಿಮಗಿರುವ ತೊಂದರೆ ಏನು ಎಂದು ಕೇಳಿದೆ. ಹಿರಿಯರೆಲ್ಲ ಬೆರಳು ತೋರಿಸಿದ್ದು ನೆಟ್ ಸೆಂಟರುಗಳ ಪರದೆಯ ಕಡೆಗೆ. ಪ್ಲೈವುಡ್ ಕ್ಯಾಬಿನ್ನು, ಅದಕ್ಕೊಂದು ಪರದೆ, ಒಳಗೆ ಹುಡುಗರು. ಏನು ನೋಡುತ್ತಾರೋ, ಏನು ಕೆಡುತ್ತಾರೋ! ಪರದೆ ಕಿತ್ತು ಹಾಕಿದರೆ ಅಂತರ್ಜಾಲ ತಾನಾಗಿ ನೆಟ್ಟಗಾಗುತ್ತದೆ ಎಂದು ಎಲ್ಲರೂ ಒಪ್ಪಿದರು. ಕಣ್ಣಿಗೆ ಕಾಣುವ ಗೆಲುವು ಅಂದರೆ ಇದೇ. ಕೌಲ್ ಬಜಾರಿನ ಮಹಬೂಬನ ನೆಟ್ ಸೆಂಟರಿನಿಂದ ಶುರು ಮಾಡುವುದು, ಅಣ್ಣ ತನ್ನ ಕೈಯಾರೆ ಮೊದಲ ಪರದೆ ತೆಗೆಯುವುದು ಎಂದು ತೀರ್ಮಾನವಾಯಿತು. ಗುರುವಾರ ಒಳ್ಳೆಯ ದಿನ ಎಂದು ಅಣ್ಣನೇ ಹೇಳಿದ.

ಮಹಬೂಬ್ ಮೊದಲು ಸ್ಟೋವ್ ರಿಪೇರಿ ಮಾಡುತ್ತಿದ್ದವನು. ಪರದೆಗಳನ್ನು ಅವನ ಹೆಂಡತಿಯೇ ಹೊಲಿದಿದ್ದಳು, ನೀಲಿ ಬಟ್ಟೆಯ ಮೇಲೆ ಹಳದಿ ಹೂವು. "ತಗೀರಿ ಸರ್, ನೀವು ಹೇಳಿದ್ಮ್ಯಾಲ ನಂದೇನೈತಿ" ಅಂದ. ಆಮೇಲೆ ನನ್ನ ಹಿಂದೆಯೇ ಬೀದಿಯ ತನಕ ಬಂದ. "ಆದ್ರ ಗುರುವಾರ ಮುಂಜಾನಿ ಬ್ಯಾಡ್ರಿ. ಶುಕ್ರವಾರ ನಮಾಜ್ ಮುಗಿಸ್ಕೊಂಡು ಮಾಡೋಣ್ರಿ. ಬೇಕಂದ್ರ ಅಮಾಸಿ ದಿನ ಮಾಡೋಣ್ರಿ."

"ಯಾಕಪ್ಪಾ?"

"ಗಿರಾಕಿ ಇರ್ತಾರ್ರಿ."

"ಗಿರಾಕಿ ಇದ್ರ ಫೋಟೋ ಛಲೋ ಬರ್ತೈತಿ" ಅಂದೆ. ಅವನ ಮುಖ ನೋಡಿ ಕನಿಕರವೆನಿಸಿ ಕೊನೆಗೆ ಗುರುವಾರ ಸಂಜೆಗೆ ಇಟ್ಟುಕೊಂಡೆ. ಆದರೆ ಅವತ್ತು ಬೆಳಗ್ಗೆ ಅಣ್ಣ, "ಸಂಜಿಗೆ ನಾ ಸಂಡೂರಿಗೆ ಹೋಗಬೇಕಲೇ. ಈಗ ಮುಗಿಸಿಬಿಡೋಣ ನಡಿ" ಎಂದು ಜೀಪಿಗೆ ಹತ್ತಿಸಿಕೊಂಡ. ಹಾರ, ಫೋಟೋದವನು, ಸಭೆಯ ಹಿರಿಯರು ನಾಲ್ಕೈದು ಜನ, ಎಲ್ಲರೂ ದಾರಿಯಲ್ಲೇ ಕೂಡಿಕೊಂಡರು. ಗಿರಿಜಾ ತರಕಾರಿಗೆ ಹೋಗಿದ್ದಳು. ನಾನು ಸಿರುಗುಪ್ಪಕ್ಕೆ ಹೋಗುತ್ತೇನೆಂದು ಅವಳು ತಿಳಿದಿದ್ದಳು.

ಮಹಬೂಬ್ ನಮ್ಮನ್ನು ಕಂಡವನೇ ಎದ್ದು ಹೋಗಿ ಮೂರನೇ ಕ್ಯಾಬಿನ್ನಿಗೆ ಅಡ್ಡ ನಿಂತ. "ಇದು ಕೆಟ್ಟೈತ್ರಿ. ಆ ಕಡೀದು ತಗೀರಿ ಮಾಲಕ್ರ" ಅಂದ. ಅವನು ಹಾಗೆ ಹೇಳುತ್ತಿರುವಾಗಲೇ ಕೆಟ್ಟ ಕಂಪ್ಯೂಟರಿನ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರು ತಮಗೆ ಕೇಳುವುದಿಲ್ಲವೆಂದು ಊರಿಗೆಲ್ಲ ಕೇಳುವಂತೆ ಮಾತಾಡುತ್ತಾರಲ್ಲ, ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದಳು.

"ನಿಮ್ಮಪ್ಪ ಛಲೋ ಅದಾರವ್ವಾ. ಅದೇನೋ ಇಂಟರ್ನೆಟ್ಟಿನ ಆರೋಗ್ಯ ನೋಡ್ಕೋಳಾಕ ಹತ್ಯಾರ. ತಮ್ಮ ಬಿ.ಪಿ. ಗುಳಿಗಿ ಮಾತ್ರ ನಾ ಕೈಯಾಗ ಕೊಟ್ರ ನುಂಗ್ತಾರ."

ಫೋಟೋದವನು ನಕ್ಕ. ಏನಾದರೂ ಮಾಡಬೇಕಿತ್ತು. ಓಡಿ ಹೋಗಿ ಅಣ್ಣನ ಕೈ ಹಿಡಿಯಬಹುದಿತ್ತು, ಬಾಗಿಲಲ್ಲಿ ಬಿದ್ದು ಬಿ.ಪಿ. ಏರಿದಂತೆ ನಟಿಸಬಹುದಿತ್ತು. ನಾನು ಕೆಮ್ಮಿದೆ. ಆ ಕೆಮ್ಮು ತಿಳಿಯುತ್ತಿದ್ದ ಒಬ್ಬಳೇ ಒಬ್ಬಳ ಕಿವಿ ಮುಚ್ಚಿತ್ತು. ಅಣ್ಣ ಮಹಬೂಬನನ್ನು ಮೆಲ್ಲಗೆ ಸರಿಸಿ ಪರದೆ ಎಳೆದ. ತಂತಿ ಸಮೇತ ಅದು ಕಳಚಿ ಅವನ ಕೈಗೆ ಬಂತು.

ಗಿರಿಜಾ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದಲ್ಲಿ ಮೂಲಂಗಿಯ ಚೀಲ. ತೆರೆಯ ಮೇಲೆ ಒಂದು ಸಣ್ಣ ಚೌಕದೊಳಗೆ ವೀಣಾ ಇದ್ದಳು. ತಡೆದು ತಡೆದು ಅಲುಗಾಡುವ ಮಬ್ಬು ಚಿತ್ರ, ಆದರೂ ನಮ್ಮ ವೀಣಾನೇ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು, ಕೆನ್ನೆಗಳು ಒಳಗೆ ಹೋಗಿದ್ದವು. ನಗುತ್ತಿದ್ದವಳು ಅಮ್ಮನ ಹೆಗಲ ಹಿಂದೆ ದೊಡ್ಡಪ್ಪನನ್ನು ಕಂಡಳು. ಕೈ ಬಾಯಿಗೆ ಹೋಯಿತು. ಚಿತ್ರ ಅಲ್ಲಿಗೇ ನಿಂತಿತು, ಆಮೇಲೆ ಚೌಕ ಕಪ್ಪಾಯಿತು. ಗಿರಿಜಾ ತಿರುಗಿ ನೋಡಿ, ಹೆಡ್‌ಫೋನ್ ತೆಗೆದು, ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು. ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ಅವಳು ನೇರ ನಿಂತು ಮಾತಾಡಿದವಳಲ್ಲ. ಅಡಿಗೆಮನೆಯ ಬಾಗಿಲ ಮರೆಯಿಂದಲೇ ಅವಳ ಉತ್ತರಗಳು ಬರುತ್ತಿದ್ದವು. ಅವತ್ತು ಮರೆಗೆ ಬಾಗಿಲಿರಲಿಲ್ಲ, ಪರದೆಯೂ ಇರಲಿಲ್ಲ.

ಅಣ್ಣ ಆ ಕಪ್ಪು ಚೌಕವನ್ನೇ ನೋಡಿದ. ಬಯ್ಯುತ್ತಾನೆಂದು ಎಲ್ಲರೂ ಕಾದಿದ್ದೆವು. "ಯಾಕ ಇಷ್ಟು ಸೊರಗ್ಯಾಳ ಅಕಿ?" ಎಂದು ಗಿರಿಜಾಳನ್ನೇ ಕೇಳಿದ.

"ಬಾಣಂತಿ ಅದಾಳ್ರಿ, ಭಾವಾರ" ಅಂದಳು ಗಿರಿಜಾ. "ಎರಡು ತಿಂಗಳಾತ್ರಿ. ಅವರ ಮನ್ಯಾಗ ಮಾಡೋರು ಯಾರೂ ಇಲ್ರಿ."

ಅಣ್ಣನ ಕೈಯಲ್ಲಿ ಪರದೆ ಹಾಗೇ ಇತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿ ಮಹಬೂಬನಿಗೆ ಕೊಟ್ಟ. "ತಿರುಗಿ ಹಾಕಪ್ಪಾ ಇದನ್ನ" ಅಂದ.

ಮನೆಗೆ ಬಂದ ಮೇಲೆ ನಾನು ಗಿರಿಜಾಳನ್ನು ಕೇಳಿದೆ, ನನಗಾದರೂ ಹೇಳಬಹುದಿತ್ತಲ್ಲ ಎಂದು. "ನಿಮ್ಮ ಹೊಟ್ಯಾಗ ಮಾತು ನಿಂದರೂದಿಲ್ರಿ" ಅಂದಳು. ಬಯ್ಗುಳದ ದನಿಯಲ್ಲಿ ಹೇಳಿದ್ದರೆ ಸಹಿಸುತ್ತಿದ್ದೆ. ನಿಮಗೆ ಕಾಳು ಸಾರು ಆಗುವುದಿಲ್ಲ ಅನ್ನುವ ಹಾಗೆ ಹೇಳಿದಳು. ಊರು ಯಾವುದು ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. "ಕೇಳಿದ್ರ ಹೇಳ್ತಿದ್ಳು. ಆಮ್ಯಾಲ ಭಾವಾರು ನನ್ನ ಕೇಳಿದ್ರ ಸುಳ್ಳು ಹೇಳಾಕ ಬರಬೇಕಲ್ರಿ ನನಗ. ಅದಕ್ಕ ಕೇಳಲಿಲ್ಲ." ಫೋನಿನ ನಂಬರನ್ನೂ ಅದೇ ಕಾರಣಕ್ಕೆ ಇಟ್ಟುಕೊಂಡಿರಲಿಲ್ಲ. ಮೊದಲ ಸಲ ವೀಣಾ ಮಹಬೂಬನ ಮೂಲಕ ಹೇಳಿಕಳಿಸಿದ್ದಳಂತೆ. ಗುರುವಾರ ಬೆಳಗ್ಗೆ ಅವಳು ಅಲ್ಲಿ ತೆರೆಗೆ ಬರುವುದು, ಇವಳು ಇಲ್ಲಿ ಕ್ಯಾಬಿನ್ನಿಗೆ ಬರುವುದು, ಅಷ್ಟೇ ಅವರಿಬ್ಬರ ವಿಳಾಸ.

ಮುಂದಿನ ಗುರುವಾರ ವೀಣಾ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ದೊಡ್ಡಪ್ಪನ ಮಾರಿ ಕಂಡಿದ್ದಳು, ಅವನ ಮಾತು ಕೇಳಿಸಿಕೊಂಡಿರಲಿಲ್ಲ. ಗಂಡನ ಕಾಲಿನ ಚಿಂತೆ ಅವಳಿಗೆ ಹತ್ತಿರಬೇಕು. ಮಹಬೂಬ್ ತೆರೆಯ ಮೇಲಿನ ಗುರುತಿನವರ ಪಟ್ಟಿಯಲ್ಲಿ ಅವಳ ಹೆಸರು ತೋರಿಸಿ, "ಬೂದಿ ಬಣ್ಣ ಐತ್ರಿ. ಬಂದ್ರ ಹಸಿರಾಗತೈತಿ" ಎಂದು ಅಣ್ಣನಿಗೆ ಹೇಳಿಕೊಟ್ಟ. ಚೈನಾದ ರೇಟು ಕೇಳುವುದನ್ನು ಅಣ್ಣ ಬಿಟ್ಟ. ಗುರುವಾರ ಬಂತೆಂದರೆ ಗಿರಿಜಾಳ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪರದೆಯ ಒಳಗೆ ಧೋತರ ಮಡಿಚಿ ಕೂರುತ್ತಿದ್ದ. ಆ ಬೂದಿ ಹೆಸರನ್ನು ಇಬ್ಬರೂ ನೋಡುತ್ತ ಕೂತಿರುವುದನ್ನು ಹೊರಗೆ ನಿಂತು ಪರದೆಯ ಸಂದಿಯಿಂದ ನೋಡಲು ನನ್ನಿಂದಾಗುತ್ತಿರಲಿಲ್ಲ.

ಒಂದು ದಿನ ಅಣ್ಣ ಹೊರಗೆ ಬಂದು, "ಲೇ ಶಂಕ್ರಿ, ಮಂದಿಗೆಲ್ಲ ಬರೀತಿ, ಅಕಿಗೂ ಒಂದು ಬರಿಯಲೇ. ನಾ ಸಿಟ್ಟಾಗಿಲ್ಲ ಅಂತ ಬರಿ. ಕೂಸಿನ್ನ ಕರ್ಕೊಂಡು ಬಾ ಅಂತ ಬರಿ. ಅವನೂ ಬರ್ಲಿ" ಅಂದ. ಆ ಬೂದಿ ಹೆಸರಿಗೇ ಇ-ಮೇಲ್ ಕಳಿಸಬಹುದು ಎಂದು ಮಹಬೂಬ್ ಹೇಳಿದ. ಕಚೇರಿಯ ಇ-ಮೇಲ್ ಬಿಟ್ಟರೆ ನನಗೆ ಬೇರೆ ಇರಲಿಲ್ಲ, ಅದನ್ನೇ ತೆರೆದೆ. ಕರಪತ್ರ, ಮನವಿ, ಘೋಷಣೆ ಎಂದು ರಾಶಿ ಬರೆದ ಕೈ. ಮಗಳಿಗೆ ಎರಡು ಸಾಲು ಬರೆಯುವಷ್ಟರಲ್ಲಿ ಬೆವೆತೆ. ಅಣ್ಣ ಹೇಳಿದ್ದನ್ನು ಬರೆದೆ. ಅಮ್ಮ ಪ್ರತಿ ಗುರುವಾರ ಕಾಯುತ್ತಾಳೆ ಎಂದು ಬರೆದೆ. ತಲೆಗೆ ಎಣ್ಣೆ ಹಚ್ಚಿಕೋ, ತಣ್ಣೀರು ಮುಟ್ಟಬೇಡ ಎಂದು ಬರೆದೆ. ಕಣ್ಣು ಮಂಜಾಗಿ ಕೀಲಿಮಣೆ ಕಾಣದೆ ಹೋಯಿತು, ಕಳಿಸಿಬಿಟ್ಟೆ.

ಹೋಯಿತೋ ಇಲ್ಲವೋ ನೋಡೋಣವೆಂದು ಕಳಿಸಿದ ಪತ್ರವನ್ನು ಆಮೇಲೆ ತೆರೆದೆ. ಕಚೇರಿಯ ಪ್ರತಿ ಪತ್ರದ ಕೆಳಗೂ ಕಂಪ್ಯೂಟರು ತಾನಾಗಿ ಒಂದು ಒಕ್ಕಣೆ ಸೇರಿಸುತ್ತದೆ. ನಾನೇ ಬರೆದು ಇಡಿಸಿದ್ದು. ತಣ್ಣೀರು ಮುಟ್ಟಬೇಡ ಎಂಬ ಸಾಲಿನ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಇಂತಿ ತಮ್ಮ ವಿಶ್ವಾಸಿ, ಜಿಲ್ಲಾ ಸಂಯೋಜಕರು, ಆರೋಗ್ಯಕರ ಅಂತರ್ಜಾಲ ಚಳವಳಿ, ಬಳ್ಳಾರಿ. ದಯವಿಟ್ಟು ಈ ಸಂದೇಶವನ್ನು ತಮ್ಮ ಬಂಧುಮಿತ್ರರೆಲ್ಲರಿಗೂ ಕಳಿಸಿ." ಉತ್ತರ ಇನ್ನೂ ಬಂದಿಲ್ಲ. ಅದನ್ನು ಓದಿ ಅವಳು ಏನೆಂದುಕೊಂಡಳೋ! ವರ್ಷಗಟ್ಟಲೆ ಬೇರೆಯವರ ಬರಹದಲ್ಲಿ ಬಿಟ್ಟುಹೋದ ಅಕ್ಷರ ಹುಡುಕಿ ಹೊಟ್ಟೆ ಹೊರೆದವನು ನಾನು. ಸಹಿ ಹೇಗೂ ಕಂಪ್ಯೂಟರು ಹಾಕುತ್ತದೆ ಎಂಬ ರೂಢಿಯಲ್ಲಿ, 'ನಿನ್ನ ಅಪ್ಪ' ಎಂದು ಬರೆಯುವುದನ್ನೇ ಬಿಟ್ಟಿದ್ದೆ.